ಮಾರಾಟದ ನಿರೀಕ್ಷೆಯೂ ಸಣ್ಣ ಸಂಸ್ಥೆಯ ಭವಿಷ್ಯವೂ

ನಮ್ಮ ಶಾಲೆಯಲ್ಲಿ ಓದಿ ಹೊರಗೆ ಹೋದವರಲ್ಲಿ ಅನೇಕರು ಇಂದು ತಮ್ಮ ಉಳಿತಾಯವನ್ನು ಕಂಪೆನಿಗಳ ಷೇರುಗಳಲ್ಲಿ ತೊಡಗಿಸುತ್ತಿದ್ದಾರೆ. ಸಣ್ಣ ಕಂಪೆನಿಯೊಂದನ್ನು ದೊಡ್ಡದೊಂದು ಕೊಳ್ಳಲಿದೆಯೆಂಬ ಸುದ್ದಿ ಹಬ್ಬಿದೊಡನೆ ಅದರ ಷೇರುಗಳ ಬೆಲೆ ಏರುವುದನ್ನು ಅವರು ಕಂಡಿರಬಹುದು. ಈ ಏರಿಕೆಯ ಮರ್ಮವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ಒಂದು ನಿದರ್ಶನದಿಂದ ವಿಚಾರಿಸೋಣ.

ಅಮೆರಿಕದಲ್ಲಿ ೧೯೯೦ರಲ್ಲಿ ಮೂವರು ಯಂತ್ರಮಾನವ ತಜ್ಞರು ‘ಐರೋಬಾಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತಾನಾಗಿಯೇ ಮನೆಯ ನೆಲವನ್ನು ಶುಚಿಮಾಡುವ ‘ರೂಂಬಾ’ ಯಂತ್ರವನ್ನು ೨೦೦೨ರಲ್ಲಿ ಹೊರತಂದು ಅದು ಹೆಸರುವಾಸಿಯಾಯಿತು. ಮುಂದೆ ಅಗ್ಗದ ಯಂತ್ರಗಳ ಸ್ಪರ್ಧೆ ಬಲವಾಯಿತು. ೨೦೨೨ರ ಆಗಸ್ಟ್‌ನಲ್ಲಿ ಅಮೆಜಾನ್ ಸಂಸ್ಥೆಯು ಷೇರಿಗೆ ೬೧ ಡಾಲರಿನಂತೆ, ಒಟ್ಟು ಸುಮಾರು ೧೭೦ ಕೋಟಿ ಡಾಲರುಗಳಿಗೆ ಅದನ್ನು ಕೊಳ್ಳಲು ಒಪ್ಪಿತು. ಅದಕ್ಕೆ ಮುಂಚೆ ಷೇರಿನ ಬೆಲೆ ಸುಮಾರು ೫೦ ಡಾಲರು ಮಾತ್ರವಿದ್ದಿತು.

ಇಂಥ ಒಪ್ಪಂದವಾದ ಬಳಿಕ ಷೇರಿನ ಬೆಲೆಯು ಸಂಸ್ಥೆಯ ಗಳಿಕೆಗಿಂತ ಹೆಚ್ಚಾಗಿ ಒಪ್ಪಂದ ನೆರವೇರುವ ಸಂಭವವನ್ನೇ ಅನುಸರಿಸುತ್ತದೆ. ನಂಬಿಕೆ ಬಲಿತಷ್ಟೂ ಅದು ಒಪ್ಪಿದ ಬೆಲೆಯ ಸಮೀಪಕ್ಕೆ ಬರುತ್ತದೆ. ಸಂಶಯ ಬೆಳೆದಷ್ಟೂ ಇಳಿಯುತ್ತದೆ. ಲಗ್ನ ನಿಶ್ಚಯವಾದ ಮೇಲೆ ಬೇರೆ ಸಂಬಂಧ ಅರಸಲಾಗದಂತೆ, ಸಂಸ್ಥೆಯೂ ಬೇರೆ ದಾರಿಗಳನ್ನು ಬದಿಗಿಟ್ಟು ಕಾಯಬೇಕಾಗುತ್ತದೆ.

ಐರೋಬಾಟ್ ಸುಮಾರು ೧೮ ತಿಂಗಳು ಹೀಗೆ ಕಾಯಿತು. ಈ ನಡುವೆ ಮಾರಾಟ ಕುಗ್ಗಿ, ೨೦೨೩ರ ಜುಲೈಯಲ್ಲಿ ೨೦ ಕೋಟಿ ಡಾಲರು ಸಾಲ ಮಾಡಿತು. ಸಾಲ ಏರಿದುದರಿಂದ ಅಮೆಜಾನ್ ಬೆಲೆಯನ್ನು ೫೧.೭೫ ಡಾಲರಿಗೆ ಇಳಿಸಿತು. ಸ್ಪರ್ಧೆಗೆ ಧಕ್ಕೆಯಾದೀತೆಂದು ಯುರೋಪಿನ ಅಧಿಕಾರಿಗಳು ಆಕ್ಷೇಪಿಸಿದ್ದರಿಂದ ೨೦೨೪ರ ಜನವರಿ ೨೯ರಂದು ಒಪ್ಪಂದ ಮುರಿದುಬಿತ್ತು. ಅಮೆಜಾನ್ ೯ ಕೋಟಿ ೪೦ ಲಕ್ಷ ಡಾಲರುಗಳನ್ನು ತೆತ್ತು ಬಿಡುಗಡೆ ಹೊಂದಿತು. ಐರೋಬಾಟ್ ಅಂದೇ ತನ್ನ ನೌಕರರಲ್ಲಿ ನೂರಕ್ಕೆ ೩೧ರಷ್ಟು, ಅಂದರೆ ಸುಮಾರು ೩೫೦ ಮಂದಿಯನ್ನು ತೆಗೆಯುವುದಾಗಿ ಸಾರಿತು. ಷೇರಿನ ಬೆಲೆ ೨೦ ಡಾಲರಿಗಿಂತ ಕೆಳಗಿಳಿದಿದ್ದಿತು. ೨೦೨೫ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿಯ ಅರ್ಜಿಯೊಡನೆ ನ್ಯಾಯಾಲಯದ ಮೆಟ್ಟಿಲೇರಿತು. ಅದಕ್ಕೆ ಯಂತ್ರಗಳನ್ನು ತಯಾರಿಸಿಕೊಡುತ್ತಿದ್ದ ಚೀನೀ ಸಂಸ್ಥೆಯೇ ಒಡೆತನ ಪಡೆಯುವುದೆಂದೂ ಷೇರುದಾರರಿಗೆ ಏನೂ ಉಳಿಯದೆಂದೂ ಆಗ ಯೋಜನೆಯಾಯಿತು.

ಕೊಳ್ಳುವವರು ಬಂದರೆ ದೊರೆಯುವ ಲಾಭವು ಕೆಲವೇ ಡಾಲರು. ಬಾರದಿದ್ದರೆ ಆಗುವ ನಷ್ಟವು ಅಸಲನ್ನೇ ನುಂಗಬಹುದು. ಆದುದರಿಂದ ಇಂಥ ಸುದ್ದಿ ಕಿವಿಗೆ ಬಿದ್ದಾಗ, ‘ಯಾರೂ ಕೊಳ್ಳದಿದ್ದರೆ ಈ ಸಂಸ್ಥೆ ತನ್ನ ಕಾಲಮೇಲೆ ನಿಲ್ಲಬಲ್ಲುದೆ?’ ಎಂದು ಮೊದಲು ಕೇಳಿಕೊಳ್ಳಬೇಕು. ಉತ್ತರ ದೊರೆಯದಿದ್ದರೆ, ಬೆವರು ಸುರಿಸಿ ಕೂಡಿಟ್ಟ ಹಣವನ್ನು ಅಲ್ಲಿ ತೊಡಗಿಸದಿರುವುದೇ ಲೇಸೆಂದು ನಾವು ಭಾವಿಸುತ್ತೇವೆ.