ಬಡವನ ದಂಡ, ಬಲ್ಲಿದನ ದಂಡ

ನಾರಾಯಣಪೇಟೆ ಸೀಮೆಯ ಕನ್ನಡ ಮಕ್ಕಳಿಗೆ ಬಹುಕಾಲ ಲೆಕ್ಕ ಕಲಿಸಿದವನು ನಾನು. ಆದುದರಿಂದ ನ್ಯಾಯದ ಮಾತನ್ನೂ ಒಂದು ಲೆಕ್ಕದಿಂದಲೇ ಪ್ರಾರಂಭಿಸುತ್ತೇನೆ. ಹಳೆಯ ವಿದ್ಯಾರ್ಥಿಗಳು ಸಹಿಸಿಕೊಳ್ಳಬೇಕು.

ಒಂದೇ ತಪ್ಪಿಗೆ ಇಬ್ಬರಿಗೆ ತಲಾ 5,000 ರೂಪಾಯಿ ದಂಡವಾಯಿತೆನ್ನೋಣ. ಒಬ್ಬನು ದಿನಕ್ಕೆ 500 ರೂಪಾಯಿ ಗಳಿಸುವ ಸೀರೆ ನೇಕಾರ. ಇನ್ನೊಬ್ಬನು ದಿನಕ್ಕೆ 20,000 ರೂಪಾಯಿ ಆದಾಯವುಳ್ಳ ಗಿರಣಿಯ ಮಾಲೀಕ. ನೇಕಾರನಿಗೆ ಅದು ಹತ್ತು ದಿನಗಳ ಅನ್ನ, ಮಾಲೀಕನಿಗೆ ಕಾಲು ದಿನದ ಗಳಿಕೆ. ಶಿಕ್ಷೆ ಸಮವಾಯಿತೆ?

ಯೂರೋಪಿನ ಉತ್ತರ ಭಾಗದ ದೇಶಗಳು ಈ ಲೆಕ್ಕವನ್ನು ಬಹು ಹಿಂದೆಯೇ ತಿದ್ದಿದವು. ಫಿನ್ಲೆಂಡ್ 1921ರಲ್ಲಿ, ಸ್ವೀಡನ್ 1931ರಲ್ಲಿ, ಡೆನ್ಮಾರ್ಕ್ 1939ರಲ್ಲಿ ದಂಡವನ್ನು ದಿನಗಳಿಂದ ಅಳೆಯುವ ಪದ್ಧತಿಯನ್ನು ತಂದವು. ತಪ್ಪಿನ ಗುರುತ್ವಕ್ಕೆ ತಕ್ಕಂತೆ ದಿನಗಳ ಸಂಖ್ಯೆ. ಒಂದು ದಿನದ ಮೊತ್ತ ಮಾತ್ರ ಅವರವರ ಆದಾಯದಂತೆ. 2002ರಲ್ಲಿ ಫಿನ್ಲೆಂಡಿನ ನೋಕಿಯಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಮೋಟಾರ್ ಸೈಕಲ್ಲನ್ನು ಮಿತಿಮೀರಿ ಓಡಿಸಿದುದಕ್ಕೆ 1,16,000 ಯೂರೋ ದಂಡ ಬಿತ್ತು. ಆದಾಯ ಇಳಿದಿದೆಯೆಂದು ಅವರು ಮೇಲ್ಮನವಿ ಸಲ್ಲಿಸಿದಾಗ ದಂಡವೂ ಇಳಿಯಿತು. ತಕ್ಕಡಿ ಎರಡು ಕಡೆಗೂ ತೂಗಿತು.

ನಾರ್ವೆಯ ಸೆರೆಮನೆಗಳಲ್ಲಿ ಪಾಠ ಹೇಳುವವರು ಹೊರಗಿನ ಶಾಲಾ ವ್ಯವಸ್ಥೆಯ ಶಿಕ್ಷಕರೇ. ಸ್ವಾತಂತ್ರ್ಯ ಕಳೆದುಕೊಳ್ಳುವುದೇ ಶಿಕ್ಷೆ. ಉಳಿದ ಹಕ್ಕುಗಳು ಹಾಗೆಯೇ ಇರಬೇಕೆಂಬುದು ಅಲ್ಲಿಯ ತತ್ತ್ವ. ಇದಕ್ಕಾಗಿ ಅಲ್ಲಿಯ ಜನರು ಭಾರವಾದ ತೆರಿಗೆ ತೆರುತ್ತಾರೆ ಎಂಬುದನ್ನೂ ಮರೆಯಲಾಗದು.

ನಮ್ಮಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಕೈದಿಗಳು ಹೆಚ್ಚೇನೂ ಇಲ್ಲ. ಒಳಗಿರುವವರು ಯಾರೆಂಬುದೇ ಪ್ರಶ್ನೆ. 2022ರ ಕೊನೆಗೆ ದೇಶದ 5,73,220 ಕೈದಿಗಳಲ್ಲಿ 4,34,302 ಮಂದಿ ಇನ್ನೂ ವಿಚಾರಣಾಧೀನರು, ಎಂದರೆ ಅಪರಾಧ ಸಾಬೀತಾಗದವರು. ಅವರಲ್ಲಿ ಎಷ್ಟೋ ಜನರಿಗೆ ಜಾಮೀನು ದೊರೆತರೂ ಜಾಮೀನುದಾರನು ದೊರೆಯುವುದಿಲ್ಲ. ಮುಂಬಯಿ, ಪುಣೆಗಳಿಗೆ ಕೂಲಿಗೆ ಹೋಗುವ ನಮ್ಮ ಪಾಲಮೂರಿನ ಜನರಿಗೆ ಇದು ದೂರದ ಮಾತಲ್ಲ.

1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಬಂದಿತು. 10,000 ರೂಪಾಯಿಗಳ ಜಾಮೀನು ಕೇಳಿದ ಮ್ಯಾಜಿಸ್ಟ್ರೇಟರು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನು ನಿರಾಕರಿಸಿದ್ದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತಮ್ಮ ತೀರ್ಪಿನಲ್ಲಿ ಕನ್ನಡಿಗನನ್ನೂ ತೆಲುಗನನ್ನೂ ಹೆಸರಿಸಿ, ದೂರದ ಊರಿನಲ್ಲಿ ಬಂಧಿತನಾದರೆ ಅವನು ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂದು ಕೇಳಿದರು. ಮೋತಿರಾಮನು 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದನು. ಗಡಿನಾಡಿನ ಪ್ರತಿಯೊಂದು ಮನೆಯೂ ತಿಳಿದಿರಬೇಕಾದ ತೀರ್ಪಿದು.

ಈಗಿನ ಕಾನೂನು ಇನ್ನೂ ಸ್ಪಷ್ಟ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೆಯ ಕಲಮಿನಂತೆ, ಜಾಮೀನು ಕೊಡಬಹುದಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಮುಚ್ಚಳಿಕೆಯ ಮೇಲೆ ಬಿಡಬೇಕು. 479ನೆಯ ಕಲಮಿನಂತೆ, ಹಿಂದೆಂದೂ ಶಿಕ್ಷೆಯಾಗಿರದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ, ಸೆರೆಮನೆಯ ಸೂಪರಿಂಟೆಂಡೆಂಟರೇ ನ್ಯಾಯಾಲಯಕ್ಕೆ ಬರೆಯಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳು ಬಾಕಿಯಿರುವವರಿಗೂ ಈ ಅನುಕೂಲವಿಲ್ಲ.

ಬಂಧನದಲ್ಲಿರುವ ಯಾರಿಗೇ ಆಗಲಿ, 1987ರ ಕಾನೂನು ಸೇವಾ ಅಧಿನಿಯಮದಂತೆ ಉಚಿತವಾಗಿ ವಕೀಲರು ದೊರೆಯುತ್ತಾರೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬೇಕು, ಮನೆಯವರೂ ಕೊಡಬಹುದು.