ಕೈಗವಸಿಗೆ ಕಾಣದ ಹುಬ್ಬು

2016ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ನವೀದ್ ಅಜೋದಿ ಮತ್ತು ಥಾಮಸ್ ಪ್ರಯರ್, ‘ಸೈನ್‌ಅಲೌಡ್’ ಎಂಬ ಕೈಗವಸು ತಯಾರಿಸಿದರು. ಅದನ್ನು ತೊಟ್ಟು ಸನ್ನೆ ಮಾಡಿದರೆ ಸೆನ್ಸರ್‌ಗಳು ಕೈಯ ಚಲನೆಯನ್ನು ಅಳೆದು ಬ್ಲೂಟೂತ್‌ನಲ್ಲಿ ಕಂಪ್ಯೂಟರಿಗೆ ಕಳಿಸುತ್ತಿದ್ದವು. ಹೊಂದುವ ಪದ ಸಿಕ್ಕರೆ ಸ್ಪೀಕರ್ ಅದನ್ನು ಇಂಗ್ಲಿಷಿನಲ್ಲಿ ನುಡಿಯುತ್ತಿತ್ತು. ಅವರಿಗೆ 10 ಸಾವಿರ ಡಾಲರ್ ಮೊತ್ತದ ಲೆಮೆಲ್ಸನ್–ಎಂಐಟಿ ವಿದ್ಯಾರ್ಥಿ ಪ್ರಶಸ್ತಿ ಬಂತು. ಪತ್ರಿಕೆಗಳು ಹೊಗಳಿದವು.

ಆಕ್ಷೇಪ ಎದ್ದದ್ದು ಅದೇ ವಿಶ್ವವಿದ್ಯಾಲಯದಿಂದ. ಈ ಗವಸು ಸನ್ನೆ ಭಾಷೆಯನ್ನು ಅನುವಾದಿಸುವುದಿಲ್ಲ ಎಂದು ಸನ್ನೆ ಭಾಷೆ ಕಲಿಸುವವರೂ ಭಾಷಾವಿಜ್ಞಾನಿಗಳೂ ಬಹಿರಂಗ ಪತ್ರ ಬರೆದರು. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ.

ಏಕೆಂದರೆ ಸನ್ನೆ ಭಾಷೆ ಕೈಯಲ್ಲಿ ಮಾತ್ರ ಇಲ್ಲ. ಅಮೆರಿಕನ್ ಸನ್ನೆ ಭಾಷೆಯಲ್ಲಿ ‘ನೀನು ಮನೆಗೆ ಹೋಗುತ್ತೀಯ’ ಎಂಬುದಕ್ಕೆ ಕೈ ಮಾಡುವ ಸನ್ನೆಗಳು ಅವೇ ಇರಲಿ, ಹುಬ್ಬು ಏರಿಸಿದರೆ ಅದು ಪ್ರಶ್ನೆ. ತಲೆಯನ್ನು ಅಡ್ಡಡ್ಡ ಆಡಿಸಿದರೆ ಹೋಗುವುದಿಲ್ಲ ಎಂದಾಯಿತು. ಏನು, ಎಲ್ಲಿ, ಯಾರು ಎಂದು ಕೇಳುವಾಗ ಹುಬ್ಬು ಗಂಟಿಕ್ಕುತ್ತದೆ. ಇದು ಮುಖಭಾವವಲ್ಲ, ವ್ಯಾಕರಣ. ಗವಸಿಗೆ ಹುಬ್ಬು ಎಲ್ಲಿ ಕಾಣಬೇಕು? 2020ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜುನ್ ಚೆನ್ ತಂಡ ಗವಸಿನ ಜೊತೆಗೆ ಹುಬ್ಬುಗಳ ನಡುವೆ, ಬಾಯಿಯ ಪಕ್ಕದಲ್ಲಿಯೂ ಸೆನ್ಸರ್ ಅಂಟಿಸಿ ನೋಡಿತು. ಅವರ ಸಾಧನ ಗುರುತಿಸಿದ್ದು 660 ಸನ್ನೆಗಳನ್ನು. ಶ್ರಮ ದೊಡ್ಡದು, ಒಪ್ಪೋಣ. ಆದರೆ 660 ಪದ ಗೊತ್ತಿದ್ದವರು ಒಂದು ಭಾಷೆ ಬಲ್ಲವರೇ?

ಇಂಥ ಗವಸು ಬೆಂಗಳೂರಿಗೆ ಬಂದರಂತೂ ತಬ್ಬಿಬ್ಬಾದೀತು. ಭಾರತೀಯ ಸನ್ನೆ ಭಾಷೆಯೇ ಬೇರೆ. ಅಮೆರಿಕದಲ್ಲಿ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ನಮ್ಮಲ್ಲಿ ಹೆಚ್ಚಿನವಕ್ಕೆ ಎರಡು ಕೈ ಬೇಕು. ಇಂಗ್ಲಿಷಿನ ‘ಎ’ ತೋರಿಸಲು ಒಂದು ಕೈಯ ತೋರುಬೆರಳು ಇನ್ನೊಂದರ ಹೆಬ್ಬೆರಳ ತುದಿ ಮುಟ್ಟಬೇಕು. ‘ಇ’ಗೆ ತೋರುಬೆರಳು, ‘ಐ’ಗೆ ನಡುಬೆರಳು. ಕೈಯ ಚಲನೆಯನ್ನಷ್ಟೇ ಅಳೆಯುವ ಯಂತ್ರಕ್ಕೆ ಯಾವುದು ಯಾವುದನ್ನು ಮುಟ್ಟಿತು ಎಂಬುದೇ ತಿಳಿಯದು. ಗವಸಿಲ್ಲದೆ ಈ ಭಾಷೆಯನ್ನೇ ಕಲಿಯಲು ದಾರಿಯಿದೆ: ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10 ಸಾವಿರಕ್ಕೂ ಹೆಚ್ಚು ಪದಗಳಿವೆ. ಕಿವಿ ಕೇಳುವವರೂ ನೋಡಿ ಕಲಿಯಬಹುದಾದ ವಿಡಿಯೊಗಳವು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಗವಸು ತೊಡಬೇಕಾದವರು ಕಿವುಡರು, ಅನುಕೂಲ ಮಾತ್ರ ಕೇಳುವವರಿಗೆ. ಆಸ್ಪತ್ರೆಯನ್ನೇ ನೆನೆಯಿರಿ. ಹೊಟ್ಟೆ ನೋವೆಂದು ಗವಸು ನುಡಿಯಿತು, ವೈದ್ಯರಿಗೆ ಕೇಳಿಸಿತು. ‘ಎಷ್ಟು ದಿನದಿಂದ?’ ಎನ್ನುತ್ತಾರೆ ಅವರು. ಆ ಮಾತು ರೋಗಿಯನ್ನು ಮುಟ್ಟಲು ಗವಸಿನಲ್ಲಿ ದಾರಿಯಿಲ್ಲ. ವೈದ್ಯರ ಕೈಗಳು ಮೇಜಿನ ಮೇಲೆ ಸುಮ್ಮನೆ ಇರುತ್ತವೆ.