ಶಾಕ್ ಕೋಣೆಯಲ್ಲಿ ಹೆಸರು ಹಿಡಿದು ಕರೆಯುವವರು

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಸ್ಥಿಮಿತ ತಪ್ಪಿದರೆ ಎರಡು ಊರಿನ ಹೆಸರು ಕೇಳಿಬರುತ್ತದೆ: ಧಾರವಾಡ, ಇಲ್ಲವೇ ಹೈದರಾಬಾದಿನ ಎರ್ರಗಡ್ಡ. ಜಾಲ್ನಾದಲ್ಲಿದ್ದ ನಿಜಾಮರ ಕಾಲದ ಆಸ್ಪತ್ರೆ 1953ರಲ್ಲಿ ಎರ್ರಗಡ್ಡಕ್ಕೆ ಬಂತು. ಧಾರವಾಡದ್ದು 1845ರಷ್ಟು ಹಳೆಯದು, ಈಗ ಡಿಮ್ಹಾನ್ಸ್. ವಾಡಿಯಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗುವವರೂ ಇದ್ದಾರೆ. ಅಲ್ಲಿ ವೈದ್ಯರು ‘ಇಸಿಟಿ’, ಅಂದರೆ ತಲೆಗೆ ವಿದ್ಯುತ್ ಹಾಯಿಸಿ ಸೆಳವು ತರಿಸುವ ಚಿಕಿತ್ಸೆ, ಎಂದರೆ ಸಾಕು, ಮನೆಯವರ ಎದೆ ಧಸಕ್ಕೆನ್ನುತ್ತದೆ. ನಮ್ಮ ಕಡೆ ಅದು ‘ಕರೆಂಟ್ ಕೊಡೋದು’.

ಭಯ ಸುಮ್ಮನೆ ಹುಟ್ಟಿದ್ದಲ್ಲ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟಿ ಮತ್ತು ಬಿನಿ ಈ ಚಿಕಿತ್ಸೆ ಶುರುಮಾಡಿದಾಗ ಅರಿವಳಿಕೆ ಕೊಡುತ್ತಿರಲಿಲ್ಲ. ಸೆಳವಿನ ರಭಸಕ್ಕೆ ಮೂಳೆ ಮುರಿಯದಿರಲೆಂದು ರೋಗಿಯ ಭುಜ, ಮೊಣಕಾಲು ಅದುಮಿ ಹಿಡಿಯುವುದೇ ನರ್ಸ್‌ಗಳ ಪಾಲಿನ ಕೆಲಸವಾಗಿತ್ತು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅದುಮಿ ಹಿಡಿಯುತ್ತಿದ್ದ ಕೈಗಳು ಈಗ ಬೇರೆ ಕೆಲಸ ಮಾಡುತ್ತಿವೆ. ಈ ಬರಹ ಆ ಕೈಗಳ ಬಗ್ಗೆ.

ಚಿಕಿತ್ಸೆಯ ಹಿಂದಿನ ದಿನವೇ ತಲೆಗೆ ಸ್ನಾನ. ಎಣ್ಣೆ ಜಿಡ್ಡಿದ್ದರೆ ವಿದ್ಯುತ್ ಸರಿಯಾಗಿ ಹಾಯುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆ, ನೀರೂ ಇಲ್ಲ. ಬಳೆ, ಹೇರ್‌ಪಿನ್, ಕಟ್ಟಿಸಿದ ಹಲ್ಲು ತೆಗೆದಿಡಬೇಕು. ತಾಳಿ ತೆಗೆಯೆಂದರೆ ಹೆಂಗಸರು ಸಹಜವಾಗಿ ಹಿಂಜರಿಯುತ್ತಾರೆ. ಒಳ್ಳೆಯ ನರ್ಸ್ ಅಲ್ಲಿ ಗದರುವುದಿಲ್ಲ. ಮನೆಯವರ ಕೈಗೆ ಕೊಡಿಸಿ, ಹೊರಬಂದ ಕೂಡಲೇ ಹಾಕಿಕೊಳ್ಳಬಹುದೆಂದು ಒಪ್ಪಿಸುತ್ತಾಳೆ. ಒಳಗೆ ಹಲ್ಲುಗಳ ನಡುವೆ ಮೌತ್‌ಗಾರ್ಡ್ ಇಡುತ್ತಾರೆ, ಸ್ನಾಯು ಸಡಿಲವಾಗಿದ್ದರೂ ದವಡೆ ಬಿಗಿದೇ ಬಿಗಿಯುತ್ತದೆ. ಸೆಳವು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ.

ನನ್ನ ಲೆಕ್ಕದಲ್ಲಿ ನಿಜವಾದ ಶುಶ್ರೂಷೆ ಶುರುವಾಗುವುದೇ ಆಮೇಲೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಯ ಜೊಲ್ಲು ತೆಗೆದು, ನಾಡಿ, ಉಸಿರು, ಬಿಪಿ ನೋಡುತ್ತ ಕೂರಬೇಕು. ಎಚ್ಚರವಾಗುವ ಜೀವಕ್ಕೆ ತಾನೆಲ್ಲಿದ್ದೇನೆಂಬುದೇ ತಿಳಿದಿರುವುದಿಲ್ಲ. ಕೆಲವರು ಎದ್ದು ಓಡಲು ನೋಡುತ್ತಾರೆ, ಕೆಲವರು ಅಳುತ್ತಾರೆ. ಆಗ ನರ್ಸ್ ಕೈ ಹಿಡಿದು ಹೆಸರು ಕರೆಯುತ್ತಾಳೆ. “ಯವ್ವಾ, ಅಂಜಬ್ಯಾಡ, ಇದು ದವಾಖಾನಿ. ಇವತ್ತ ಮಂಗಳವಾರ. ನಿಮ್ಮ ಅಣ್ಣ ಹೊರಗ ಕುಂತಾನ.” ಇದನ್ನೇ ಮತ್ತೆ ಮತ್ತೆ, ಬೇಸರಿಸದೆ, ರೋಗಿಗೆ ಪರಿಚಿತವಾದ ಮಾತಿನಲ್ಲೇ ಹೇಳಬೇಕು. ತಲೆನೋವು, ಮರೆವು ಎಂದು ಗಾಬರಿಯಾದ ಮನೆಯವರಿಗೂ, ಗೊಂದಲ ಬೇಗ ತಿಳಿಯಾಗುತ್ತದೆ, ಮರೆವು ಹೆಚ್ಚಿನವರಲ್ಲಿ ವಾರಗಳಲ್ಲಿ ಕಡಿಮೆಯಾಗುತ್ತದೆ ಎಂದು ತಿಳಿಹೇಳಬೇಕು. ಸಾಮಾನ್ಯವಾಗಿ ಆರರಿಂದ ಹನ್ನೆರಡು ಸಲ ಇದೇ ಸೇವೆ. ಊಟ ಬಿಟ್ಟು ಮೂಲೆ ಹಿಡಿದವರು, ಸಾಯಲು ಹೊರಟವರು ಇದರಿಂದ ಬದುಕಿಗೆ ಮರಳಿದ್ದಾರೆ.

ಮರಳಿದ ಮೇಲೆ ಊರು ಒಪ್ಪಿಕೊಳ್ಳಬೇಕಲ್ಲ? ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ ವಾಸಿಯಾಗಿ ಬಂದರೂ ಮನೆಯವರ ಸಂಶಯದ ಕಣ್ಣಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಶಹಾಬಾದಿನ ಫರ್ಸಿ ಗಣಿಯಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿಯುವವನಿಗೆ ‘ಕರೆಂಟ್ ಕೊಡಿಸಿಕೊಂಡಾನ’ ಎಂಬ ಹೆಸರು ಅಂಟಿದರೆ ಕೆಲಸಕ್ಕೇ ಸಂಚಕಾರ. ಔಷಧಿ ತಪ್ಪದಂತೆ ನೋಡಿ, ಮನೆಯವರಿಗೆ ಧೈರ್ಯ ಹೇಳುವ ತರಬೇತಾದ ನರ್ಸ್ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಬೇಕು. ಪ್ರತಿ ತಾಲ್ಲೂಕಿನಿಂದ ಒಬ್ಬರನ್ನಾದರೂ ಮನೋರೋಗ ಶುಶ್ರೂಷೆಯ ತರಬೇತಿಗೆ ಕಳಿಸುವುದು ಸರ್ಕಾರಕ್ಕೆ ದೊಡ್ಡ ಹೊರೆಯೇನಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಇಂಥ ಸಂಕಟವಿದ್ದವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.